ಮುಟ್ಟದ ತಂತಿ ಮಿಡಿಯುವಾಗ: ಬೇಸ್ ಗಿಟಾರಿನ ಬೇಡದ ಕಂಪನ ನಿಲ್ಲಿಸುವ ಬಗೆ

ಗಣಪತಿ ಹಬ್ಬಕ್ಕೆ ಹದಿನೈದು ದಿನ ಇದೆ ಎನ್ನುವಾಗ ನನ್ನ ಫೋನಿಗೆ ಬಿಡುವಿರುವುದಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಆರ್ಕೆಸ್ಟ್ರಾ ಹುಡುಗ ಹುಡುಗಿಯರು ಕರೆಯುತ್ತಾರೆ. ಜೂನ್ ಮೊದಲ ವಾರ ಚೀಲಕ್ಕೆ ಸೇರಿಸಿ ಮಂಚದ ಕೆಳಗೆ ತಳ್ಳಿದ ಬೇಸ್ ಗಿಟಾರನ್ನು ಆಶ್ಲೇಷ ಮಳೆ ಹಿಂದೆ ಸರಿದ ಮೇಲೆ ಹೊರಗೆ ತೆಗೆದಿರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಜುಂಯ್ ಎನ್ನುತ್ತಿದೆ, ಟ್ರಸ್ ರಾಡನ್ನು ಯಾವ ಕಡೆಗೆ ತಿರುಗಿಸಲಿ?" ಟ್ರಸ್ ರಾಡ್ ಎಂದರೆ ವಾದ್ಯದ ಕತ್ತಿನೊಳಗೆ, ಅಂದರೆ ನೆಕ್ಕಿನೊಳಗೆ, ಹುದುಗಿಸಿದ ಲೋಹದ ಸರಳು; ನೆಕ್ಕಿನ ಬಾಗು ಹೊಂದಿಸುವುದು ಅದರ ಕೆಲಸ.

ಯಾವ ಕಡೆಗೂ ಬೇಡ. ರಾಡು ತಿರುಗಿಸುವ ಕೀಲಿಯನ್ನು ಕೆಳಗಿಡಿ. ಒಂದು ಸ್ವರ ನುಡಿಸಿ, ತಟ್ಟನೆ ನಿಲ್ಲಿಸಿ. ನಿಲ್ಲಿಸಿದ ಮೇಲೆ ಏನು ಕೇಳುತ್ತದೆ ಎಂದು ಹೇಳಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬೇಸ್ ಗಿಟಾರಿನ ವಿಷಯದಲ್ಲಿ ಈ ಬರೆ ಬೀಳುವುದು ಹೆಚ್ಚಾಗಿ ಟ್ರಸ್ ರಾಡಿನ ಮೇಲೆ. ನಾವು ಬೇಡದ ಸದ್ದು ಎಂದು ಒಂದೇ ಹೆಸರಿನಿಂದ ಕರೆಯುವುದು ನಿಜದಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆ. ನೀವು ಮುಟ್ಟದೇ ಇದ್ದ ತಂತಿ ತಾನಾಗಿ ಮಿಡಿಯುವುದು ಒಂದು. ಮೀಟಿದ ತಂತಿಯೇ ಫ್ರೆಟ್ಟಿಗೆ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ತಗುಲಿ ಜರ್ರೆನ್ನುವುದು ಇನ್ನೊಂದು. ವಾದ್ಯದ ಯಾವುದೋ ಮೂಲೆಯಲ್ಲಿ ಸಡಿಲವಾದ ತಿರುಪು ಗಿಲಕಿಯಂತೆ ಅಲುಗುವುದು ಮೂರನೆಯದು. ನಾಲ್ಕನೆಯದಕ್ಕೂ ತಂತಿಗೂ ಸಂಬಂಧವೇ ಇಲ್ಲ. ಅದು ನಿಮ್ಮ ಮನೆಯದು ಅಥವಾ ಕರೆಂಟಿನದು. ನಾನು ಕಂಡಂತೆ ಮೊದಲನೆಯದೇ ಎಲ್ಲಕ್ಕಿಂತ ಹೆಚ್ಚು, ಮತ್ತು ಅದಕ್ಕೆ ಯಾವ ಕೀಲಿಯೂ ಬೇಕಾಗಿಲ್ಲ. ಆದರೂ ಪರೀಕ್ಷೆಯನ್ನು ಸುಲಭವಾದ ಕಡೆಯಿಂದಲೇ ಶುರುಮಾಡೋಣ.

ಮೊದಲು ಮನೆಯನ್ನು ಕೇಳಿ

ಹಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಸಮೀಪದ ಒಂದು ಹಳೆಯ ಮನೆಯ ಜಗಲಿಯಲ್ಲಿ ನಮ್ಮ ತಾಲೀಮು ನಡೆಯುತ್ತಿತ್ತು. ಎ ಸ್ವರ ನುಡಿಸಿದಾಗಲೆಲ್ಲ ಸಣ್ಣಗೆ ಜರ್ರ್ ಎಂಬ ಸದ್ದು. ಆ ಸಂಜೆ ನಾನು ಟ್ರಸ್ ರಾಡನ್ನು ಎರಡು ಬಾರಿ ತಿರುಗಿಸಿದೆ, ತಂತಿಗಳ ಕೆಳತುದಿಯನ್ನು ಹೊರುವ ಬ್ರಿಡ್ಜನ್ನು ಎತ್ತರಿಸಿದೆ, ತಂತಿಯನ್ನೂ ಬದಲಿಸಿದೆ. ಕೊನೆಗೆ ಕಾಫಿ ತಂದ ಮನೆಯೊಡತಿ, "ಅದು ಅಜ್ಜನ ಫೋಟೋ" ಎಂದರು. ಗೋಡೆಯ ಮೇಲಿದ್ದ ಅಜ್ಜನ ಚೌಕಟ್ಟಿನ ಗಾಜು ಸಡಿಲವಾಗಿತ್ತು. ನನ್ನ ಬೇಸ್ 55 ಹರ್ಟ್ಜ್ (ಸೆಕೆಂಡಿಗೆ 55 ಕಂಪನ) ಎಂದಾಗಲೆಲ್ಲ ಅಜ್ಜ ತಲೆಯಾಡಿಸುತ್ತಿದ್ದರು. ಅಂದು ಕೆಡಿಸಿದ ಹೊಂದಾಣಿಕೆಯನ್ನು ಸರಿಮಾಡಲು ನನಗೆ ಮೂರು ದಿನ ಹಿಡಿಯಿತು.

ಆದ್ದರಿಂದ ಮೊದಲ ಪರೀಕ್ಷೆ ಹೆಡ್‌ಫೋನಿನಲ್ಲಿ. ಆಂಪ್‌ಗೆ ಹೆಡ್‌ಫೋನ್ ಸಿಕ್ಕಿಸಿ ಅದೇ ಸ್ವರ ನುಡಿಸಿ. ಸದ್ದು ಮಾಯವಾದರೆ ತಪ್ಪು ಕೋಣೆಯದು. ಅಟ್ಟದ ಮೇಲಿನ ಸ್ಟೀಲ್ ಡಬ್ಬ, ಕಿಟಕಿಯ ಗಾಜು, ಮಳೆಗೆಂದು ಕಟ್ಟಿದ ತಗಡು, ಪಕ್ಕದಲ್ಲೇ ಇರುವ ಡ್ರಮ್ ಸೆಟ್ಟಿನ ಸ್ನೇರ್ ತಂತಿಗಳು, ಇವೆಲ್ಲ ಕೆಳಸ್ಥಾಯಿಗೆ ಕುಣಿಯುವ ಗಿರಾಕಿಗಳೇ. ಆಂಪ್ ಪೆಟ್ಟಿಗೆಯ ಹಿಡಿಕೆ ಮತ್ತು ಮುಂದಿನ ಜಾಲರಿಯನ್ನೂ ಒಮ್ಮೆ ಒತ್ತಿ ನೋಡಿ.

ಕರೆಂಟಿನ ಗುಂಯ್ ಬೇರೆ. ತಂತಿಗೆ ಕೈ ತಗುಲಿಸಿದ ಕೂಡಲೇ ಅದು ಕಡಿಮೆಯಾಗಿ, ಕೈ ಬಿಟ್ಟರೆ ಮತ್ತೆ ಏರಿದರೆ ಅದು ಕಂಪನವಲ್ಲ, ಅರ್ಥಿಂಗ್ ಅಥವಾ ವಾದ್ಯದ ಒಳಗಿನ ಶೀಲ್ಡಿಂಗ್ ತೊಂದರೆ. ಇದನ್ನು ತಂತಿಯ ದನಿ ಎಂದು ತಿಳಿದು ಮೋಸಹೋಗುವುದು ಸುಲಭ, ಏಕೆಂದರೆ ನಮ್ಮ ವಿದ್ಯುತ್ತು 50 ಹರ್ಟ್ಜಿನದು, ಇ ತಂತಿಯ 3ನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಜಿನದು (ಬೇಸಿನ ತಂತಿಗಳ ಹೆಸರು ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ). ಎರಡೂ ಒಂದೇ ಓಣಿಯವು. ಹಳೆಯ ಮನೆಗಳಲ್ಲಿ, ಜಾತ್ರೆಯ ಪೆಂಡಾಲುಗಳಲ್ಲಿ ಅರ್ಥ್ ಸರಿಯಿಲ್ಲದಿರುವುದು ಹೊಸತಲ್ಲ. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಮೂರನೇ ಪಿನ್ನನ್ನು ಕಿತ್ತುಹಾಕುವ ಜಾಣತನ ಮಾತ್ರ ಬೇಡ. ಒದ್ದೆ ನೆಲ, ಲೋಹದ ತಂತಿ, ಬೆವರಿದ ಕೈ, ಜೀವಕ್ಕೆ ಅಪಾಯ. ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ತಿರುಪುಗಳ ಸುತ್ತು

ಇದು ಹತ್ತು ನಿಮಿಷದ ಕೆಲಸ. ವಾದ್ಯವನ್ನು ಆಂಪಿಗೆ ಸಿಕ್ಕಿಸದೆ ತೊಡೆಯ ಮೇಲಿಟ್ಟು, ತಂತಿಗಳನ್ನೆಲ್ಲ ಒಂದು ಕೈಯಿಂದ ಮುಚ್ಚಿ, ಇನ್ನೊಂದು ಕೈಯ ಮುಷ್ಟಿಯಿಂದ ವಾದ್ಯದ ಹಿಂಬದಿಯನ್ನು ಮೆಲ್ಲಗೆ ತಟ್ಟಿ. ಗಿಲಗಿಲ ಎಂದರೆ ಏನೋ ಸಡಿಲವಿದೆ. ಶ್ರುತಿ ಬಿಗಿಯುವ ಕೀಲಿಗಳ ತಳದ ಉಂಗುರ, ಟ್ರಸ್ ರಾಡಿನ ಮುಚ್ಚಳ, ವಾಲ್ಯೂಮ್ ಗುಂಡಿಗಳು, ಬೆಲ್ಟಿನ ಗುಬ್ಬಿ, ಪಿಕಪ್ಪಿನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ತಿರುಪು, ಒಂದೊಂದನ್ನೇ ಬೆರಳಿನಿಂದ ಒತ್ತಿಹಿಡಿದು ಮತ್ತೆ ತಟ್ಟಿ. ಯಾವುದನ್ನು ಒತ್ತಿದಾಗ ಸದ್ದು ನಿಂತಿತೋ ಅದೇ ಕಳ್ಳ.

ಬ್ರಿಡ್ಜಿಗೆ ಸ್ವಲ್ಪ ಹೆಚ್ಚು ಗಮನ ಬೇಕು. ಅದರಲ್ಲಿ ತಂತಿ ಕೂರುವ ಪ್ರತಿ ಸ್ಯಾಡಲ್ಲಿಗೂ ಎತ್ತರ ಹೊಂದಿಸುವ ಎರಡು ಸಣ್ಣ ತಿರುಪು ಇರುತ್ತವೆ. ಎರಡೂ ಕಾಲು ಊರಿ ನಿಂತಿರಬೇಕು. ಒಂದು ಕಾಲು ಗಾಳಿಯಲ್ಲಿದ್ದರೆ ಅದು ಆ ತಂತಿಯ ಜೊತೆಗೇ ಅದುರುತ್ತದೆ. ಬಿಗಿಯಾಗಿಸಿದ ಮೇಲೂ ಪದೇ ಪದೇ ಸಡಿಲವಾಗುವ ತಿರುಪಿಗೆ ಒಂದು ತೊಟ್ಟು ಉಗುರುಬಣ್ಣ ಸಾಕು. ಬೇಕಾದಾಗ ಮತ್ತೆ ತಿರುಗಿಸಲೂ ಬರುತ್ತದೆ. ಸ್ಯಾಡಲ್ಲಿನ ಹಿಂದಿರುವ ಸ್ಪ್ರಿಂಗ್ ಗುನುಗಿದರೆ ಅದರೊಳಗೆ ಸಣ್ಣ ಸ್ಪಂಜಿನ ಚೂರು ತುರುಕಿ.

ಮುಟ್ಟದ ತಂತಿ ಏಕೆ ಮಿಡಿಯುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಇ ತಂತಿಯ 5ನೇ ಫ್ರೆಟ್ ಒತ್ತಿ ಜೋರಾಗಿ ಮೀಟಿ. ಒಂದೆರಡು ಕ್ಷಣ ಬಿಟ್ಟು ಬಲಗೈಯ ಒಂದೇ ಬೆರಳಿನಿಂದ ಇ ತಂತಿಯನ್ನು ಮಾತ್ರ ಮುಚ್ಚಿ. ಸ್ವರ ನಿಲ್ಲುವುದಿಲ್ಲ. ಪಕ್ಕದ ಎ ತಂತಿ ಅದೇ ಸ್ವರವನ್ನು ಮೆಲ್ಲಗೆ ಹಾಡುತ್ತಿರುತ್ತದೆ. ನೀವು ಅದನ್ನು ಮುಟ್ಟಿಯೇ ಇರಲಿಲ್ಲ.

ಸಂಗೀತ ಬಲ್ಲ ಮನೆಯವರಿಗೆ ಇದು ಹೊಸದಲ್ಲ. ಶ್ರುತಿ ಸೇರಿದ ತಂಬೂರಿಯಲ್ಲಿ ಒಂದು ತಂತಿ ಮೀಟಿದರೆ ಇನ್ನೊಂದು ತಾನಾಗಿ ಉಸಿರಾಡುತ್ತದೆ. ಸಿತಾರಿನಲ್ಲಿ ಇದಕ್ಕೆಂದೇ ತರಬ್ ತಂತಿಗಳನ್ನು ಕಟ್ಟುತ್ತಾರೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ನೂಲಿನ ಎಳೆಯಿಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಜೀವಾಳದ ಝೇಂಕಾರವನ್ನು ಹುಡುಕುವ ಜನ ನಾವು. ಅಂಥವರಿಗೆ ಝೇಂಕಾರವೇ ಬೇಡ ಎನ್ನುವ ವಾದ್ಯ ಕೈಗೆ ಬಂದರೆ ಸ್ವಲ್ಪ ಮುಜುಗರವಾಗುವುದು ಸಹಜ. ಆದರೆ ಬೇಸ್ ಗಿಟಾರಿನ ಕೆಲಸವೇ ಬೇರೆ. ಅದು ಡ್ರಮ್ಮಿನ ಪಕ್ಕದಲ್ಲಿ ನಿಂತು ಲಯ ಹಿಡಿಯಬೇಕು. ಕೆಳಸ್ಥಾಯಿಯಲ್ಲಿ ಎರಡು ಸ್ವರ ಒಟ್ಟಿಗೆ ಉಳಿದರೆ ಕಿವಿಗೆ ಅವು ಸ್ವರಗಳಾಗಿ ಕೇಳುವುದಿಲ್ಲ, ಕೆಸರಾಗಿ ಕೇಳುತ್ತವೆ.

ಅಳತೆ ಗೊತ್ತಿದ್ದರೆ ಎಲ್ಲಿ ಕಾದು ಕೂರಬೇಕೆಂದು ತಿಳಿಯುತ್ತದೆ. ತೆರೆದ, ಅಂದರೆ ಎಲ್ಲೂ ಒತ್ತದ, ಇ ತಂತಿ 41.2 ಹರ್ಟ್ಜ್, ಎ 55, ಡಿ 73.4, ಜಿ 98. ಐದು ತಂತಿಯ ವಾದ್ಯವಿದ್ದರೆ ಬಿ ತಂತಿ 30.9. ಒಂದು ತಂತಿ ಮೂಲಸ್ವರದಲ್ಲಿ ಮಾತ್ರವಲ್ಲ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದಲ್ಲಿಯೂ ಏಕಕಾಲಕ್ಕೆ ಕಂಪಿಸುತ್ತದೆ. ಆ ಯಾವುದಾದರೂ ಒಂದು ಪಕ್ಕದ ತಂತಿಯ ಯಾವುದಾದರೂ ಒಂದಕ್ಕೆ ಸರಿಹೊಂದಿದರೆ ನೆಕ್ ಮತ್ತು ಬ್ರಿಡ್ಜಿನ ಮೂಲಕ ಶಕ್ತಿ ಹರಿದು ಅದೂ ಎಚ್ಚರಗೊಳ್ಳುತ್ತದೆ. ಇ ತಂತಿಯ 3ನೇ ಫ್ರೆಟ್ 49 ಹರ್ಟ್ಜ್. ಅದರ ಇಮ್ಮಡಿ 98, ಆದ್ದರಿಂದ ದೂರದ ಜಿ ತಂತಿ ಏಳುತ್ತದೆ. ಎ ತಂತಿಯ 5ನೇ ಫ್ರೆಟ್ ಡಿ ತಂತಿಯನ್ನು ಎಬ್ಬಿಸುತ್ತದೆ. ಹಿಮ್ಮುಖವಾಗಿಯೂ ನಡೆಯುತ್ತದೆ: ಡಿ ತಂತಿಯ 2ನೇ ಫ್ರೆಟ್ಟಿನ ಇ ಸ್ವರ 82.4, ಆಗ ದಪ್ಪ ಇ ತಂತಿ ಎರಡು ತುಂಡಾದಂತೆ ಮಧ್ಯದಲ್ಲಿ ನಿಶ್ಚಲವಾಗಿ, ಎರಡೂ ಪಕ್ಕ ಕಂಪಿಸುತ್ತದೆ. ಜಿ ತಂತಿಯ 2ನೇ ಫ್ರೆಟ್ಟಿಗೆ ಎ ತಂತಿಯದೂ ಇದೇ ಕಥೆ.

ನಿಮ್ಮ ವಾದ್ಯ ಚೆನ್ನಾಗಿ ಶ್ರುತಿಯಲ್ಲಿದ್ದಷ್ಟೂ ಈ ಮಿಡಿತ ಹೆಚ್ಚು. ಅಂದರೆ ಇದು ವಾದ್ಯದ ದೋಷವೇ ಅಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾವು ಅಂಗಡಿಗೆ ಹೊತ್ತುಕೊಂಡು ಹೋಗುತ್ತೇವೆ, ಅಷ್ಟೆ.

ಎರಡು ಕೈಗಳ ಹಿಸ್ಸೆ

ಅವಿಭಕ್ತ ಕುಟುಂಬದ ತೋಟ ಹಿಸ್ಸೆಯಾದಂತೆ ತಂತಿಗಳನ್ನು ಎರಡು ಕೈಗಳಿಗೆ ಹಂಚಿಬಿಡಿ. ನುಡಿಸುತ್ತಿರುವ ತಂತಿಗಿಂತ ದಪ್ಪವಾದವೆಲ್ಲ ಬಲಗೈ ಪಾಲು. ಅದಕ್ಕಿಂತ ತೆಳುವಾದವೆಲ್ಲ ಎಡಗೈ ಪಾಲು. ಗಡಿಯಲ್ಲಿ ಸ್ವಲ್ಪ ಒತ್ತುವರಿಯಾದರೆ ಜಗಳ ಬೇಡ, ಎರಡೂ ಕೈ ಒಂದೇ ತಂತಿಯನ್ನು ಮುಚ್ಚಿದರೆ ಒಳ್ಳೆಯದೇ. (ಎಡಗೈಯವರು ಈ ಲೇಖನವನ್ನು ಕನ್ನಡಿಯಲ್ಲಿ ಓದಿಕೊಳ್ಳಬೇಕು.)

ಬಲಗೈಯಿಂದ ಶುರುಮಾಡಿ. ಹೆಚ್ಚಿನವರು ಹೆಬ್ಬೆರಳನ್ನು ಪಿಕಪ್ಪಿನ ಮೇಲೆ ಊರಿ, ಯಾವ ತಂತಿ ನುಡಿಸಿದರೂ ಅದನ್ನು ಅಲ್ಲಿಂದ ಕದಲಿಸುವುದಿಲ್ಲ. ನಾನೂ ಹಾಗೇ ಕಲಿತವನು, ಆ ಅಭ್ಯಾಸ ಬಿಡಿಸಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಹೆಬ್ಬೆರಳು ಅಲೆಮಾರಿಯಾಗಬೇಕು. ಇ ತಂತಿ ನುಡಿಸುವಾಗ ಅದು ಪಿಕಪ್ಪಿನ ಮೇಲಿರಲಿ. ಎ ತಂತಿಗೆ ಹೋದಾಗ ಇ ತಂತಿಯ ಮೇಲೆ ಇಳಿಯಲಿ. ಭಾರ ಹಾಕುವುದು ಬೇಡ, ಮಲಗಿದ ಮಗುವಿನ ಮೇಲೆ ಕೈಯಿಟ್ಟಷ್ಟು ಸಾಕು. ಜಿ ತಂತಿಗೆ ಹೋದಾಗ ಹೆಬ್ಬೆರಳ ತುದಿ ಎ ತಂತಿಯ ಮೇಲೆ ಬಂದು, ಅದರ ಬದಿ ಇ ತಂತಿಗೆ ಒರಗಿರಲಿ.

ಉಳಿದದ್ದನ್ನು ಮೀಟುವ ಬೆರಳೇ ನೋಡಿಕೊಳ್ಳುತ್ತದೆ, ನೀವು ಬಿಟ್ಟರೆ. ತಂತಿಯನ್ನು ಮೇಲಕ್ಕೆ ಕೊಕ್ಕೆ ಹಾಕಿ ಎಳೆಯಬೇಡಿ. ಬೆರಳು ತಂತಿಯನ್ನು ದಾಟಿ, ಹಿಂದಿನ ದಪ್ಪ ತಂತಿಗೆ ತಾಗಿ ಅಲ್ಲೇ ವಿಶ್ರಮಿಸಲಿ. ಡಿ ಮೀಟಿದ ಬೆರಳು ಎ ತಂತಿಯ ಮೇಲೆ ನಿಂತರೆ ಎ ಮೌನ. ಹೆಬ್ಬೆರಳು ಇ ತಂತಿಯ ಮೇಲಿದ್ದರೆ ಇ ಕೂಡ ಮೌನ. ಜಿ ಮೀಟಿದ ಬೆರಳು ಡಿ ತಂತಿಯ ಮೇಲೆ ನಿಲ್ಲುತ್ತದೆ, ಹೆಬ್ಬೆರಳು ಉಳಿದೆರಡನ್ನು ಹಿಡಿದಿರುತ್ತದೆ. ಲೆಕ್ಕ ಮುಗಿಯಿತು. ಹೆಬ್ಬೆರಳನ್ನು ಅಷ್ಟು ದೂರ ಸರಿಸುವುದು ಕಷ್ಟವಾದರೆ ಅದನ್ನು ಇ ತಂತಿಯ ಮೇಲೇ ಬಿಟ್ಟು, ಜಿ ನುಡಿಸುವಾಗ ಉಂಗುರ ಬೆರಳನ್ನು ಎ ತಂತಿಯ ಮೇಲೆ ಇಳಿಸಿ. ಪಿಕ್ ಹಿಡಿದು ನುಡಿಸುವವರು ಅಂಗೈಯ ಅಂಚನ್ನು ಬ್ರಿಡ್ಜಿನ ಬಳಿ ತಂತಿಗಳಿಗೆ ಸೋಕಿಸುತ್ತಾರೆ. ಅದರ ದನಿ ಸ್ವಲ್ಪ ಮೊಂಡಾಗುತ್ತದೆ, ಕೆಲವು ಹಾಡುಗಳಿಗೆ ಅದೇ ಚೆಂದ.

ಎಡಗೈಯ ಪಾಲು ಇದಕ್ಕಿಂತ ಸೂಕ್ಷ್ಮ. ಮೊದಲನೆಯದಾಗಿ ಬೆರಳುಗಳನ್ನು ಸುತ್ತಿಗೆಯಂತೆ ನೆಟ್ಟಗೆ ನಿಲ್ಲಿಸುವುದು ಬೇಡ. ಶಾಸ್ತ್ರೀಯ ಗಿಟಾರ್ ಕಲಿತು ಬಂದವರಿಗೆ ಇದು ಅಪಚಾರವೆನಿಸಬಹುದು. ಇ ತಂತಿಯನ್ನು ತುದಿಬೆರಳಿನಿಂದ ಒತ್ತಿದಾಗ ಆ ಬೆರಳಿನ ಹೊಟ್ಟೆ ಎ, ಡಿ, ಜಿ ತಂತಿಗಳ ಮೇಲೆ ಒರಗಿರಬೇಕು. ಒತ್ತುವುದಲ್ಲ, ಒರಗುವುದು. ಒತ್ತಿದರೆ ಅವೂ ಸ್ವರವಾಗುತ್ತವೆ.

ಎರಡನೆಯದು, ಬೆರಳು ಎತ್ತುವ ಬಗೆ. ಸ್ವರ ಮುಗಿಯಿತೆಂದು ಬೆರಳನ್ನು ಚಕ್ಕನೆ ಎತ್ತಿದರೆ ತೆರೆದ ತಂತಿ ತಾನೇ ಮೀಟಿಕೊಳ್ಳುತ್ತದೆ. ಕೇಳುಗರಿಗೆ ಅದು ಪ್ರತಿ ಸ್ವರದ ಬಾಲಕ್ಕೂ ಅಂಟಿದ ಸಣ್ಣ "ಟುಂಯ್". ಮೊದಲು ಒತ್ತಡ ಸಡಿಲಿಸಿ, ಬೆರಳು ತಂತಿಯನ್ನು ಮುಟ್ಟಿಕೊಂಡೇ ಇರಲಿ, ಮೌನವಾದ ಮೇಲೆ ಎದ್ದು ಹೋಗಲಿ. ನೆಂಟರ ಮನೆಯಿಂದ ಹೊರಡುವಂತೆ: ಮೊದಲು ಏಳುವುದು, ಆಮೇಲೆ ಬಾಗಿಲ ಬಳಿ ಸ್ವಲ್ಪ ನಿಲ್ಲುವುದು, ಆಮೇಲೆ ಹೋಗುವುದು.

ಮೂರನೆಯದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಧ್ವನಿಮುದ್ರಣದಲ್ಲಿ ಕೇಳಿ ಕಲಿತೆ. ತಂತಿ ಮುಚ್ಚುವಾಗ ಒಂದೇ ಬೆರಳು ಸಾಲದು. 5, 7 ಅಥವಾ 12ನೇ ಫ್ರೆಟ್ಟಿನ ನೇರಕ್ಕೆ ಒಂದೇ ಬೆರಳು ಸೋಕಿದರೆ ತಂತಿ ಸುಮ್ಮನಾಗುವ ಬದಲು ಗಂಟೆಯಂತೆ ಹಾರ್ಮೋನಿಕ್ ಸ್ವರ ಹೊರಡಿಸುತ್ತದೆ. ಎರಡು ಅಥವಾ ಮೂರು ಬೆರಳು ಅಕ್ಕಪಕ್ಕದಲ್ಲಿ ಸೋಕಿದರೆ ಆ ತೊಂದರೆ ಇಲ್ಲ.

ಅಭ್ಯಾಸಕ್ಕೆ ನಾನು ಆದಿತಾಳ ಹಾಕಿಕೊಳ್ಳುತ್ತೇನೆ. ಮೆಟ್ರೊನೋಮ್ ಇಷ್ಟಪಡುವವರು ನಿಮಿಷಕ್ಕೆ 60ಕ್ಕೆ ಇಟ್ಟುಕೊಳ್ಳಲಿ. ಒಂದು ಅಕ್ಷರ ನಾದ, ಮುಂದಿನದು ಪೂರ್ಣ ಮೌನ. ಇ ತಂತಿಯ 3ನೇ ಫ್ರೆಟ್, ಮೌನ. ಡಿ ತಂತಿಯ 5ನೇ ಫ್ರೆಟ್, ಮೌನ. ಇವೆರಡೂ ಜಿ ಸ್ವರಗಳೇ, ಒಂದು ಸ್ಥಾಯಿ ಅಂತರ. ಮಧ್ಯೆ ಸಿಕ್ಕಿಬಿದ್ದ ಎ ತಂತಿಯನ್ನು ತೋರುಬೆರಳ ತುದಿ ಸೋಕಿ ಹಿಡಿದಿರಬೇಕು, ಜಿ ತಂತಿಯನ್ನು ಕಿರುಬೆರಳ ಹೊಟ್ಟೆ. ಆಂಪಿನ ವಾಲ್ಯೂಮನ್ನು ಎಂದಿಗಿಂತ ಹೆಚ್ಚಿಗೆ ಇಡಿ, ಟ್ರೆಬಲ್ ಪೂರ್ತಿ ತೆರೆಯಿರಿ. ತಪ್ಪು ನಿಚ್ಚಳವಾಗಿ ಕೇಳಬೇಕು. ಟೋನ್ ಗುಂಡಿ ಇಳಿಸಿದರೆ ಸದ್ದು ಮರೆಯಾಗುತ್ತದೆ, ಹೋಗುವುದಿಲ್ಲ. ಕಂಪ್ರೆಸರ್ ಬಳಸುವವರು ಅಭ್ಯಾಸದಲ್ಲಿ ಅದನ್ನು ಬಂದ್ ಮಾಡದಿರಿ. ಅದು ಸಣ್ಣ ಸದ್ದನ್ನು ಹಿಗ್ಗಿಸುವ ಯಂತ್ರ, ಚಾಡಿಕೋರ. ಈ ಹೊತ್ತಿನಲ್ಲಿ ಚಾಡಿಕೋರನೇ ಬೇಕು.

ದಿನಕ್ಕೆ ಹದಿನೈದು ನಿಮಿಷ, ಮೂರು ವಾರ. ಅಷ್ಟರಲ್ಲಿ ಬೆರಳುಗಳಿಗೆ ಅಭ್ಯಾಸವಾಗತೊಡಗುತ್ತದೆ. ಕಷ್ಟವಾಗುವುದು ಜಿ ತಂತಿಯಿಂದ ದಪ್ಪ ತಂತಿಗೆ ಇಳಿಯುವಾಗ, ಏಕೆಂದರೆ ಬಿಟ್ಟುಬಂದ ತೆಳು ತಂತಿ ಎಡಗೈಯ ಪಾಲಿಗೆ ಬರುತ್ತದೆ, ಎಡಗೈ ಆಗ ಹೊಸ ಸ್ವರ ಹುಡುಕುವ ಗಡಿಬಿಡಿಯಲ್ಲಿರುತ್ತದೆ. ಆ ದಾಟುವಿಕೆಯನ್ನೇ ಪ್ರತ್ಯೇಕವಾಗಿ ನಿಧಾನಕ್ಕೆ ಮಾಡಿ.

ಸ್ಪಂಜಿನ ತುಂಡು ನಾಚಿಕೆಯ ವಿಷಯವಲ್ಲ

ಕಾರ್ಯಕ್ರಮ ನಾಳೆಯೇ ಇದ್ದರೆ? ಪಾತ್ರೆ ತೊಳೆಯುವ ಹೊಸ ಸ್ಪಂಜಿನಿಂದ ಒಂದು ಬೆರಳಗಲದ ಪಟ್ಟಿ ಕತ್ತರಿಸಿ, ಬ್ರಿಡ್ಜಿಗೆ ತಾಗಿದಂತೆ ತಂತಿಗಳ ಅಡಿಗೆ ತುರುಕಿ. ಸ್ಪಂಜು ತಂತಿಯನ್ನು ಕೆಳಗಿನಿಂದ ಸೋಕಬೇಕು, ಎತ್ತಬಾರದು. ಸ್ವರದ ಆಯಸ್ಸು ಕಡಿಮೆಯಾಗುತ್ತದೆ, "ಡುಂ" ಎಂಬ ಗಟ್ಟಿ ಮೊಳಕೆ ಮಾತ್ರ ಉಳಿಯುತ್ತದೆ. ಹಳೆಯ ಚಿತ್ರಗೀತೆಗಳಿಗೆ ಇದು ಎಷ್ಟು ಹೊಂದುತ್ತದೆಂದರೆ ನಾನು ಬೇಕೆಂದೇ ಹಾಕುತ್ತೇನೆ.

ಇದು ಕಳ್ಳದಾರಿಯೂ ಅಲ್ಲ. ಗಿಟಾರ್ ತಯಾರಕ ಲಿಯೋ ಫೆಂಡರ್ ಅವರ ಸಂಸ್ಥೆ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದಾಗ ಬ್ರಿಡ್ಜಿನ ಮೇಲೊಂದು ಲೋಹದ ಮುಚ್ಚಳ ಇರುತ್ತಿತ್ತು, ಅದರೊಳಗೆ ತಂತಿಗಳನ್ನು ತಡೆಯುವ ಮೆತ್ತೆ. ಅನೇಕರು ಆ ಮುಚ್ಚಳ ಕಿತ್ತರು. ಅದಕ್ಕೆ ಬೂದಿ ತಟ್ಟೆ ಎಂಬ ಅಡ್ಡಹೆಸರೂ ಬಿತ್ತು. ಡೆಟ್ರಾಯ್ಟಿನ ಮೋಟೌನ್ ಸ್ಟುಡಿಯೋದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಮಾತ್ರ ತಮ್ಮ 1962ರ ಪ್ರಿಸಿಷನ್ನಿನಲ್ಲಿ ಮುಚ್ಚಳವನ್ನೂ ಮೆತ್ತೆಯನ್ನೂ ಉಳಿಸಿಕೊಂಡು, ಚಪ್ಪಟೆ ಸುರುಳಿಯ ನಯವಾದ ಹಳೆಯ ಫ್ಲಾಟ್‌ವೌಂಡ್ ತಂತಿಗಳ ಮೇಲೆ ಒಂದೇ ತೋರುಬೆರಳಿನಿಂದ ನುಡಿಸಿದರು. ಬೇಸ್ ನುಡಿಸುವವರು ಇಂದಿಗೂ ಆ ದನಿಯನ್ನು ಬೆನ್ನಟ್ಟುತ್ತಿದ್ದಾರೆ.

ಇನ್ನೊಂದು ಉಪಾಯ ನೆಕ್ಕಿನ ತಲೆಯ ಕಡೆಯದು. ಕೂದಲು ಕಟ್ಟುವ ಬಟ್ಟೆಯ ರಬ್ಬರ್ ಬ್ಯಾಂಡನ್ನು ನಟ್ಟಿನ (ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ಕಚ್ಚಿನ ಪಟ್ಟಿ) ಆಚೆ ಸುತ್ತಿದರೆ ನಟ್ಟಿಗೂ ಶ್ರುತಿಯ ಕೀಲಿಗೂ ನಡುವಿನ ತುಂಡು ತಂತಿಯ ಕಿಣಿಕಿಣಿ ನಿಲ್ಲುತ್ತದೆ. ಅದನ್ನೇ 1ನೇ ಫ್ರೆಟ್ಟಿನ ಮೇಲೆ ಎಳೆದರೆ ತೆರೆದ ತಂತಿಗಳೆಲ್ಲ ಬಾಯಿ ಮುಚ್ಚುತ್ತವೆ, ಧ್ವನಿಮುದ್ರಣಕ್ಕೆ ಅನುಕೂಲ. ಆದರೆ ಹಾಡಿನಲ್ಲಿ ತೆರೆದ ಇ ಬೇಕಿದ್ದರೆ ಅದೂ ಹೋಯಿತು.

ಜರ್ರ್ ಎನ್ನುವುದು ಫ್ರೆಟ್ಟೇ ಆದರೆ

ಮೇಲಿನದೆಲ್ಲ ಮುಗಿದ ಮೇಲೂ ಮೀಟಿದ ತಂತಿಯಿಂದಲೇ ಜರ್ರ್ ಬಂದರೆ ಈಗ ಉಪಕರಣ ಎತ್ತಿಕೊಳ್ಳಬಹುದು. ಅದಕ್ಕೂ ಮೊದಲು ಶ್ರುತಿ ಮಾಡಿ. ಶ್ರುತಿ ಇಳಿದ ತಂತಿ ಅಗಲವಾಗಿ ಬೀಸುತ್ತದೆ, ಫ್ರೆಟ್ಟಿಗೆ ಬಡಿಯುತ್ತದೆ. ತುಕ್ಕು ಹಿಡಿದ ತಂತಿಯನ್ನು ಇಟ್ಟುಕೊಂಡು ಅಳತೆ ಮಾಡುವುದೂ ದಂಡ, ಬದಲಿಸಿ. ಮತ್ತೆ, ಆ ಜರ್ರ್ ಆಂಪಿನಲ್ಲಿ ಕೇಳುತ್ತದೆಯೇ ನೋಡಿ. ಬರಿಗಿವಿಗೆ ಮಾತ್ರ ಕೇಳುವ ಸಣ್ಣ ಜರ್ರನ್ನು ನಾನು ಹಾಗೇ ಬಿಡುತ್ತೇನೆ.

ಎಲ್ಲಿ ಬರುತ್ತದೆ ಎಂಬುದೇ ಅರ್ಧ ಉತ್ತರ. 1ರಿಂದ 5ನೇ ಫ್ರೆಟ್ಟಿನ ಒಳಗೆ ಮಾತ್ರ ಬಂದರೆ ನೆಕ್ ತೀರಾ ನೆಟ್ಟಗಾಗಿದೆ ಅಥವಾ ಹಿಂದಕ್ಕೆ ಬಾಗಿದೆ. 12ರ ಆಚೆಗೆ ಬಂದರೆ ತಂತಿ ತಗ್ಗಾಗಿದೆ. ತೆರೆದ ತಂತಿಯಲ್ಲಿ ಮಾತ್ರವಾದರೆ ನಟ್ಟಿನ ಕಚ್ಚು ಆಳವಾಗಿದೆ. ಒಂದೇ ಒಂದು ಫ್ರೆಟ್ಟಿನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್ಟುಗಳ ನೆತ್ತಿಯ ಮೇಲೆ ಇಟ್ಟರೆ ಎದ್ದಿರುವ ನಡುವಿನದರ ಮೇಲೆ ಕಾರ್ಡು ತಕ್ಕಡಿಯಂತೆ ತೂಗುತ್ತದೆ.

ಮಳೆಗಾಲದಲ್ಲಿ ಮರ ನೀರು ಕುಡಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಗ್ಗುಲಲ್ಲಿರುವ ನಮಗೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಬೆಲ್ಟಿನ ಮೇಲೆ ಬೂಷ್ಟು ಬೆಳೆಯುವುದು ಗೊತ್ತೇ ಇದೆ. ನೆಕ್ ಕೂಡ ಮರವೇ. ಆದರೆ ಅದು ಮುಂದಕ್ಕೆ ಬಾಗುತ್ತದೋ ಹಿಂದಕ್ಕೋ ಎನ್ನುವುದು ಆಯಾ ನೆಕ್ಕಿನ ಮರ, ಅದರ ಮೇಲಿನ ಬಣ್ಣ, ಫಿಂಗರ್‌ಬೋರ್ಡಿನ ಜಾತಿಯನ್ನು ಅವಲಂಬಿಸಿದೆ. ಗೆಳೆಯನ ಬೇಸಿಗೆ ಸರಿಹೋದ ತಿರುವು ನಿಮ್ಮದಕ್ಕೆ ಸರಿಹೋಗಬೇಕಿಲ್ಲ. ಅಳೆಯದೆ ತಿರುಗಿಸಬಾರದು.

ಅಳೆಯಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳ ಕಟ್ಟು) ಬೇಕು. ಸಂಗೀತದ ಅಂಗಡಿಯಲ್ಲಿ ಹುಡುಕಬೇಡಿ. ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಹೊಂದಿಸಲು ಬಳಸುವ ಅದೇ ಉಪಕರಣ, ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ವಾದ್ಯವನ್ನು ನುಡಿಸುವ ಭಂಗಿಯಲ್ಲೇ ಹಿಡಿದು, ಇ ತಂತಿಯನ್ನು 1ನೇ ಫ್ರೆಟ್ಟಿನಲ್ಲಿ ಕೇಪೋ (ತಂತಿ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ಬಂಧಿಸಿ, ಕೊನೆಯ ಫ್ರೆಟ್ಟಿನಲ್ಲಿ ಬೆರಳಿನಿಂದ ಒತ್ತಿ. ಈಗ ತಂತಿಯೇ ನಿಮ್ಮ ರೂಲುಪಟ್ಟಿ. 7 ಅಥವಾ 8ನೇ ಫ್ರೆಟ್ಟಿನ ನೆತ್ತಿಗೂ ತಂತಿಯ ತಳಕ್ಕೂ ನಡುವೆ 0.25ರಿಂದ 0.35 ಮಿಲಿಮೀಟರ್ ಸಂದು ಇರಬೇಕು. ಗೇಜ್ ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡು ಸುಮಾರಾಗಿ ಆ ದಪ್ಪದ್ದು.

ಸಂದು ಕಡಿಮೆ ಇದ್ದರೆ ರಾಡನ್ನು ಎಡಕ್ಕೆ, ಗಡಿಯಾರದ ವಿರುದ್ಧ ಸಡಿಲಿಸಿ. ಹೆಚ್ಚಿದ್ದರೆ ಬಲಕ್ಕೆ ಬಿಗಿಯಿರಿ. ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಕೂಡದು. ಬಿಗಿಯುವ ಮೊದಲು ತಂತಿಗಳನ್ನು ಸ್ವಲ್ಪ ಇಳಿಸಿ, ಆಮೇಲೆ ಮತ್ತೆ ಶ್ರುತಿ ಮಾಡಿ ಅಳೆಯಿರಿ. ವಾದ್ಯಕ್ಕೆ ಸರಿಯಾದ ಅಳತೆಯ ಕೀಲಿಯನ್ನೇ ಬಳಸಿ. ಸುಮಾರಾಗಿ ಕೂರುವ ಕೀಲಿ ರಾಡಿನ ತಿರುಪಿನ ಬಾಯನ್ನು ತಿಂದುಹಾಕುತ್ತದೆ. ರಾಡು ಹಟ ಮಾಡಿದರೆ ನೀವು ಮಾಡಬೇಡಿ, ರಿಪೇರಿ ಬಲ್ಲವರ ಕೈಗೆ ಕೊಡಿ.

ನೆಕ್ ಸರಿಯಾದ ಮೇಲಷ್ಟೇ ತಂತಿಯ ಎತ್ತರ. 17ನೇ ಫ್ರೆಟ್ಟಿನಲ್ಲಿ ಇ ತಂತಿ 2.4 ಮಿಲಿಮೀಟರ್, ಜಿ ತಂತಿ 2 ಮಿಲಿಮೀಟರ್ ಎತ್ತರ ಒಳ್ಳೆಯ ಆರಂಭ. ನಾನು ಇದಕ್ಕಿಂತ ತುಸು ಎತ್ತರ ಇಡುತ್ತೇನೆ, ನನ್ನ ಕೈ ಭಾರ. ಬಯಲಿನ ವೇದಿಕೆಯಲ್ಲಿ ಮಾನಿಟರ್ ಸರಿಯಾಗಿ ಕೇಳದಿದ್ದಾಗ ಎಲ್ಲರ ಕೈಯೂ ಭಾರವಾಗುತ್ತದೆ, ಅದಕ್ಕೂ ಸ್ವಲ್ಪ ಜಾಗ ಉಳಿಸಿಕೊಳ್ಳಿ.

ತೆರೆದ ಎ ತಂತಿ ಮಾತ್ರ ಜುಂಯ್ ಎಂದರೆ ನಟ್ಟನ್ನು ದೂಷಿಸುವ ಮೊದಲು ಶ್ರುತಿಯ ಕೀಲಿಯ ಕಂಬ ನೋಡಿ. ಎಷ್ಟೋ ವಾದ್ಯಗಳಲ್ಲಿ ತಂತಿಯನ್ನು ಕೆಳಗೆ ಒತ್ತುವ ಗುಂಡಿ ಡಿ ಮತ್ತು ಜಿಗೆ ಮಾತ್ರ ಇರುತ್ತದೆ. ಎ ತಂತಿ ನಟ್ಟಿನ ಮೇಲೆ ಸಡಿಲವಾಗಿ ಕೂರುತ್ತದೆ. ಎರಡು ಮೂರು ಸುತ್ತು ಬರುವಂತೆ, ಪ್ರತಿ ಸುತ್ತೂ ಹಿಂದಿನದರ ಕೆಳಗೆ ಬರುವಂತೆ ಮತ್ತೆ ಸುತ್ತಿ. ಕಚ್ಚು ನಿಜಕ್ಕೂ ಆಳವಾಗಿದ್ದರೆ ಅಡುಗೆ ಸೋಡಾ ಉದುರಿಸಿ ಸೂಪರ್ ಗ್ಲೂ ತೊಟ್ಟಿಕ್ಕಿ ತುಂಬಿಸುವ ಹಳೆಯ ಉಪಾಯ ಈ ಹಬ್ಬ ದಾಟಿಸುತ್ತದೆ, ಹೊಸ ನಟ್ಟು ಆಮೇಲೆ ಹಾಕಿಸಿ. ಎದ್ದ ಫ್ರೆಟ್ಟನ್ನು ಉಜ್ಜುವ ಕೆಲಸಕ್ಕೆ ಮಾತ್ರ ಮನೆಯಲ್ಲಿ ಕೈಹಾಕಬೇಡಿ. ಉಜ್ಜಿದ್ದು ಮರಳಿ ಬರುವುದಿಲ್ಲ.

ಮುಂದಿನ ಮಳೆಗೆ

ವಾದ್ಯಕ್ಕೆ ಹಿತವಾದ ತೇವಾಂಶ ಶೇ. 45ರಿಂದ 55. ಜುಲೈಯಲ್ಲಿ ನಮ್ಮ ಮನೆಗಳಲ್ಲಿ ಅದು ಕನಸು. ಆದರೂ ಚೀಲಕ್ಕಿಂತ ಗಟ್ಟಿ ಪೆಟ್ಟಿಗೆ ಮೇಲು, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಹೊರಗೋಡೆಗೆ ಒರಗಿಸಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಕೊಬ್ಬರಿ ಅಲ್ಲೇ ಒಣಗುವುದು ಎಂದು ನಮ್ಮ ಅತ್ತೆ ಸಲಹೆ ಕೊಟ್ಟಿದ್ದರು; ಕೊಬ್ಬರಿಗೆ ಅಂಟು ಹಾಕಿರುವುದಿಲ್ಲ, ಗಿಟಾರಿಗೆ ಹಾಕಿರುತ್ತದೆ. ಬಿಸಿಗೆ ಅದು ಬಿಡುತ್ತದೆ.

ವಾರಕ್ಕೊಮ್ಮೆ ಹೊರತೆಗೆದು ಅರ್ಧ ಗಂಟೆ ನುಡಿಸಿ, ತಂತಿಗಳನ್ನು ಒಣಬಟ್ಟೆಯಿಂದ ಒರೆಸಿಡಿ. ನೆಕ್ಕಿನ ಅಳತೆಯನ್ನು ಗಣಪತಿ ಕೂರುವ ಹಿಂದಿನ ರಾತ್ರಿ ನೋಡಬೇಡಿ, ಒಂದು ವಾರ ಮೊದಲೇ ನೋಡಿ. ರಾಡು ತಿರುಗಿಸಿದ ಮೇಲೆ ಮರ ಹೊಸ ಭಂಗಿಗೆ ಒಗ್ಗಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ, ಆಮೇಲೆ ಇನ್ನೊಮ್ಮೆ ಅಳೆಯಬೇಕಾಗುತ್ತದೆ. ಮತ್ತು ಫೋನ್ ಮಾಡುವ ಮೊದಲು ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಒಮ್ಮೆ ಒತ್ತಿ ನೋಡಿ.